ಹೆಚ್ಚು ವಾಲ್ಯೂಮಿನ ಪವರ್‌ಲಿಫ್ಟಿಂಗ್ ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪವರ್‌ಲಿಫ್ಟಿಂಗ್ ಮೂರು ಎತ್ತುಗಳ ಮೊತ್ತಕ್ಕಾಗಿ ನಡೆಯುವ ಸ್ಪರ್ಧೆ: ಬಾರ್ ಹೊತ್ತು ಕುಳಿತು ಏಳುವ ಸ್ಕ್ವಾಟ್, ಮಲಗಿ ಎದೆಯಿಂದ ಮೇಲಕ್ಕೆ ಒತ್ತುವ ಬೆಂಚ್ ಪ್ರೆಸ್, ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್. ರಷ್ಯದ ತರಬೇತುದಾರ ಬೋರಿಸ್ ಶೇಕೊ ಅವರ ಪದ್ಧತಿಯನ್ನು ಆಧರಿಸಿ ಸ್ಪರ್ಧೆಗೆ ಸಿದ್ಧರಾಗುತ್ತಿರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ನಾನು ಹಲವು ವರ್ಷಗಳಿಂದ ಈ ಪದ್ಧತಿಯಲ್ಲಿಯೇ ಅಭ್ಯಾಸ ಮಾಡಿದ್ದೇನೆ, ಇತರರಿಗೂ ಹೇಳಿಕೊಟ್ಟಿದ್ದೇನೆ. ಉತ್ತರಗಳು ಬೆಲ್ಟ್, ಮೊಣಕಾಲಿನ ಸ್ಲೀವ್ ಮತ್ತು ಮಣಿಕಟ್ಟಿನ ಪಟ್ಟಿಯಷ್ಟನ್ನೇ ಬಳಸುವ ಕ್ಲಾಸಿಕ್ ವಿಭಾಗದ ಸ್ಪರ್ಧಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ವಾಲ್ಯೂಮ್ ಹೆಚ್ಚು ಎಂದರೆ ನಿಖರವಾಗಿ ಎಷ್ಟು?

ವಾಲ್ಯೂಮ್ ಎಂದರೆ ಒಂದು ಅವಧಿಯಲ್ಲಿ ಮಾಡಿದ ಒಟ್ಟು ಕೆಲಸ. ಅದನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕುತ್ತಾರೆ: ಬಾರ್ ಅನ್ನು ಎಷ್ಟು ಸಲ ಎತ್ತಿದಿರಿ ಎಂಬುದು ಒಂದು, ಆ ಎತ್ತುಗಳಲ್ಲಿ ಒಟ್ಟು ಎಷ್ಟು ಕಿಲೋ ಸಾಗಿತು ಎಂಬುದು ಇನ್ನೊಂದು. ಗರಿಷ್ಠ ತೂಕದ ಅರ್ಧಕ್ಕಿಂತ ಕಡಿಮೆ ತೂಕದ ವಾರ್ಮ್‌ಅಪ್ ಈ ಎಣಿಕೆಗೆ ಬರುವುದಿಲ್ಲ.

ಸ್ಕ್ವಾಟ್‌ನಲ್ಲಿ 150 ಕೆ.ಜಿ. ಎತ್ತಬಲ್ಲ ಒಬ್ಬರ ಒಂದು ದಿನವನ್ನು ನೋಡೋಣ. 75 ಕೆ.ಜಿ.ಗೆ 5 ರೆಪ್ಸ್ (ರೆಪ್ ಎಂದರೆ ಒಂದು ಸಲದ ಎತ್ತು, ಬಿಡುವಿಲ್ಲದೆ ಮಾಡುವ ರೆಪ್ಸ್ ಸೇರಿ ಒಂದು ಸೆಟ್), 90 ಕೆ.ಜಿ.ಗೆ 4 ರೆಪ್ಸ್, 105 ಕೆ.ಜಿ.ಗೆ 3 ರೆಪ್ಸಿನ ಎರಡು ಸೆಟ್, ಕೊನೆಗೆ 120 ಕೆ.ಜಿ.ಗೆ 3 ರೆಪ್ಸಿನ ಐದು ಸೆಟ್. ಒಟ್ಟು 30 ರೆಪ್ಸ್, 3,165 ಕೆ.ಜಿ. ಸರಾಸರಿ ತೆಗೆದರೆ ಪ್ರತಿ ರೆಪ್ಪಿಗೆ 105.5 ಕೆ.ಜಿ., ಅಂದರೆ ಗರಿಷ್ಠದ ಶೇ. 70ಕ್ಕೆ ತುಸು ಮೇಲೆ. ಅದೇ ವ್ಯಕ್ತಿ ನಮ್ಮ ಜಿಮ್‌ಗಳಲ್ಲಿ ಸಾಮಾನ್ಯವಾಗಿ ಕಾಣುವಂತೆ ಬೇಗಬೇಗನೆ ಪ್ಲೇಟ್ ಏರಿಸುತ್ತಾ ಹೋಗಿ 135 ಕೆ.ಜಿ.ಗೆ ಒಂದೇ ಒಂದು ಮೂರರ ಸೆಟ್ ಮಾಡಿ ಮುಗಿಸಿದರೆ, ಆ ಮುಖ್ಯ ಸೆಟ್ಟಿನ ಕೆಲಸ 405 ಕೆ.ಜಿ. ಮಾತ್ರ. ಮೈ ಬೆವರಿರುತ್ತದೆ, ಕಷ್ಟಪಟ್ಟ ತೃಪ್ತಿಯೂ ಇರುತ್ತದೆ. ಆದರೆ ಸ್ಕ್ವಾಟ್ ಎಂಬ ಚಲನೆಯನ್ನು ಸರಿಯಾಗಿ ಅಭ್ಯಾಸ ಮಾಡಿದ್ದು ಮೂರೇ ಸಲ.

ಮೇಲಿನ 30 ರೆಪ್ಸ್ ಕೇವಲ ಒಂದು ವ್ಯಾಯಾಮದ್ದು. ಅದೇ ದಿನ ಬೆಂಚ್ ಪ್ರೆಸ್ಸೂ ಇರುತ್ತದೆ, ಬಹುಪಾಲು ಅದಾದ ಮೇಲೆ ಮತ್ತೊಮ್ಮೆ ಸ್ಕ್ವಾಟ್ ಇರುತ್ತದೆ. ತಿಂಗಳ ಕೊನೆಗೆ ಎಣಿಸಿದರೆ ಸಂಖ್ಯೆ ನೂರುಗಳಲ್ಲಿ ನಿಲ್ಲುತ್ತದೆ.

ಈ ಪದ್ಧತಿ ಎಲ್ಲಿಂದ ಬಂತು?

ಇದರ ಬೇರು ಸೋವಿಯತ್ ಕಾಲದ ವೇಟ್‌ಲಿಫ್ಟಿಂಗ್ ತರಬೇತಿಯಲ್ಲಿದೆ. ಅಲ್ಲಿ ಪ್ರಿಲೆಪಿನ್ ಎಂಬವರು ಯಾವ ತೂಕದಲ್ಲಿ ಒಂದು ಸೆಟ್ಟಿಗೆ ಎಷ್ಟು ರೆಪ್ಸ್, ಒಂದು ದಿನಕ್ಕೆ ಒಟ್ಟು ಎಷ್ಟು ರೆಪ್ಸ್ ಹಿತ ಎಂಬುದಕ್ಕೆ ಕೋಷ್ಟಕವೊಂದನ್ನು ರೂಪಿಸಿದರು. ಅದರ ಪ್ರಕಾರ ಶೇ. 70ರಿಂದ 80ರ ನಡುವೆ ಒಂದು ಸೆಟ್ಟಿಗೆ 3ರಿಂದ 6 ರೆಪ್ಸ್, ಒಟ್ಟು 12ರಿಂದ 24, ಶೇ. 80ರಿಂದ 90ರ ನಡುವೆ ಸೆಟ್ಟಿಗೆ 2ರಿಂದ 4, ಒಟ್ಟು 10ರಿಂದ 20, ಶೇ. 90 ದಾಟಿದರೆ ಸೆಟ್ಟಿಗೆ ಒಂದೆರಡು, ಒಟ್ಟು 4ರಿಂದ 10 ಮಾತ್ರ. ಆ ಕೋಷ್ಟಕ ಭಾರವನ್ನು ತಲೆಯ ಮೇಲಕ್ಕೆತ್ತುವ ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್ ಮಾಡುವವರಿಗಾಗಿ ಹುಟ್ಟಿದ್ದು. ಆದ್ದರಿಂದ ಪವರ್‌ಲಿಫ್ಟರ್‌ಗಳು ಅದನ್ನು ಅಳತೆಗೋಲಾಗಿ ನೋಡಬೇಕೇ ಹೊರತು ಕಟ್ಟಳೆಯಾಗಿ ಅಲ್ಲ.

ಈ ಚಿಂತನೆಯನ್ನು ಪವರ್‌ಲಿಫ್ಟಿಂಗ್‌ಗೆ ಹೊಂದಿಸಿದವರಲ್ಲಿ ಪ್ರಮುಖರು, ರಷ್ಯದ ರಾಷ್ಟ್ರೀಯ ತಂಡಕ್ಕೆ ಮುಖ್ಯ ತರಬೇತುದಾರರಾಗಿದ್ದ ಶೇಕೊ. 2015ರಲ್ಲಿ ಬೆಂಚ್ ಶರ್ಟ್ (ಎತ್ತಲು ನೆರವಾಗುವ ಬಿಗಿಯಾದ ಅಂಗಿ) ಇಲ್ಲದೆ 335 ಕೆ.ಜಿ. ಬೆಂಚ್ ಪ್ರೆಸ್ ಮಾಡಿದ ಕಿರಿಲ್ ಸರಿಚೆವ್, ಶೇಕೊ ಅವರ ಶಿಷ್ಯರು. 29, 30, 31, 32, 37 ಎಂಬ ಸಂಖ್ಯೆಗಳಿಂದ ಜಗತ್ತಿನಾದ್ಯಂತ ಕೈಯಿಂದ ಕೈಗೆ ದಾಟಿದ ನಾಲ್ಕು ವಾರಗಳ ತರಬೇತಿ ಪಟ್ಟಿಗಳು ಶೇಕೊ ಅವರವೇ. ಅವುಗಳನ್ನು ಇಳಿಸಿಕೊಳ್ಳುವವರು ಒಂದು ಮಾತನ್ನು ಮರೆಯಬಾರದು. ಶೇಕೊ ತಮ್ಮ ಸ್ಪರ್ಧಿಗಳಿಗೆ ಅವರವರ ಕೊರತೆಯನ್ನು ನೋಡಿ ಪಟ್ಟಿಯನ್ನು ಬರೆದುಕೊಡುತ್ತಿದ್ದರು; ನಮ್ಮ ಕೈಗೆ ಸಿಕ್ಕಿರುವುದು ಸಾಮಾನ್ಯ ಮಾದರಿ.

ನಮ್ಮ ಗರಡಿ ಮನೆಯ ಸಾವಿರ ಬಸ್ಕಿಗೂ ಇದಕ್ಕೂ ಸಂಬಂಧವಿದೆಯೇ?

ದಿನದಿನವೂ ಅದನ್ನೇ ಮಾಡಿ ಮೈಗೂಡಿಸಿಕೊಳ್ಳುವ ಶ್ರದ್ಧೆಯಲ್ಲಿ ಸಂಬಂಧವಿದೆ, ವಿಧಾನದಲ್ಲಿ ಇಲ್ಲ. ಸಾವಿರ ಬಸ್ಕಿ ಹೊಡೆಯುವಾಗ ದಣಿವಿನಲ್ಲಿಯೇ ಮುಂದುವರಿಯುವುದು ಗುರಿ. ಇಲ್ಲಿ ಪ್ರತಿ ಸೆಟ್ ದಣಿವು ಶುರುವಾಗುವ ಮೊದಲೇ ನಿಲ್ಲುತ್ತದೆ, ಸಾಕಷ್ಟು ವಿಶ್ರಾಂತಿಯ ನಂತರವೇ ಮುಂದಿನದು ಆರಂಭವಾಗುತ್ತದೆ.

ಒಂದು ವಾರ ಹೇಗಿರುತ್ತದೆ? ಒಂದೇ ದಿನ ಎರಡು ಸಲ ಸ್ಕ್ವಾಟ್ ಏಕೆ?

ಸಾಮಾನ್ಯ ಮಾದರಿಯಲ್ಲಿ ವಾರಕ್ಕೆ ಮೂರು ದಿನ ಅಭ್ಯಾಸವಿರುತ್ತದೆ. ಸೋಮವಾರ ಸ್ಕ್ವಾಟ್, ಬೆಂಚ್, ಮತ್ತೆ ಸ್ಕ್ವಾಟ್. ಬುಧವಾರ ಮೊಣಕಾಲಿನವರೆಗೆ ಮಾತ್ರ ಎತ್ತಿ ಇಳಿಸುವ ಡೆಡ್‌ಲಿಫ್ಟ್, ಬೆಂಚ್, ಆಮೇಲೆ ಹಲಗೆಗಳ ಮೇಲಿಟ್ಟ ಬಾರ್‌ನಿಂದ ಡೆಡ್‌ಲಿಫ್ಟ್. ಶುಕ್ರವಾರ ಬೆಂಚ್, ಸ್ಕ್ವಾಟ್ ಮತ್ತು ಬಾರ್ ಹೊತ್ತು ಸೊಂಟದಿಂದ ಬಾಗುವ ಗುಡ್ ಮಾರ್ನಿಂಗ್. ಇವುಗಳ ನಂತರ ಎದೆ, ಬೆನ್ನು, ಹೊಟ್ಟೆಗೆ ಸಣ್ಣ ವ್ಯಾಯಾಮಗಳು. ವಾರದಿಂದ ವಾರಕ್ಕೆ ಕ್ರಮ ಬದಲಾಗಬಹುದು. ಆದರೆ ಬೆಂಚ್ ಮೂರು ದಿನ, ಸ್ಕ್ವಾಟ್ ಎರಡು ದಿನ, ಡೆಡ್‌ಲಿಫ್ಟ್ ಒಂದು ದಿನ ಎಂಬ ಚೌಕಟ್ಟು ಬಹುಮಟ್ಟಿಗೆ ಉಳಿಯುತ್ತದೆ.

ಡೆಡ್‌ಲಿಫ್ಟ್ ಕಡಿಮೆ ಎಂದು ಹಲವರು ಗಾಬರಿಯಾಗುತ್ತಾರೆ. ಸ್ಕ್ವಾಟ್ ಮತ್ತು ಗುಡ್ ಮಾರ್ನಿಂಗ್ ಎರಡೂ ಬೆನ್ನು, ಪೃಷ್ಠ, ತೊಡೆಯ ಹಿಂಭಾಗಕ್ಕೆ ಕೆಲಸ ಕೊಡುತ್ತಲೇ ಇರುತ್ತವೆ, ಹಾಗೂ ಪೂರ್ತಿ ಡೆಡ್‌ಲಿಫ್ಟ್‌ನ ದಣಿವು ಬೆನ್ನಿನ ಕೆಳಭಾಗದಲ್ಲಿ ಬಹಳ ಕಾಲ ಉಳಿಯುತ್ತದೆ. ಮೊಣಕಾಲಿನವರೆಗಿನ ಎತ್ತು ನೆಲದಿಂದ ಬಾರ್ ಬಿಡುವಾಗಿನ ಭಂಗಿಯನ್ನು ತಿದ್ದುತ್ತದೆ, ಹಲಗೆಯ ಮೇಲಿನ ಎತ್ತು ಕೊನೆಯ ಹಂತವನ್ನು ಗಟ್ಟಿ ಮಾಡುತ್ತದೆ. ಎರಡನ್ನೂ ಬಿಡಿಬಿಡಿಯಾಗಿ ಕಲಿತವರ ಪೂರ್ತಿ ಎತ್ತು ಸ್ಪರ್ಧೆಯ ದಿನ ತಾನಾಗಿ ಕೂಡಿಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಒಂದೇ ದಿನ ಎರಡು ಸಲ ಸ್ಕ್ವಾಟ್ ಮಾಡುವುದರ ಕಾರಣ ಸರಳ. ಸತತವಾಗಿ ಹತ್ತು ಸೆಟ್ ಮಾಡಿದರೆ ಕೊನೆಯ ನಾಲ್ಕರಲ್ಲಿ ಎದೆ ಕುಸಿಯುತ್ತದೆ, ಮೊಣಕಾಲು ಒಳಕ್ಕೆ ಬರುತ್ತದೆ. ನಡುವೆ ಬೆಂಚ್ ಬಂದರೆ ಕಾಲಿಗೆ ಅರ್ಧ ಗಂಟೆಯ ವಿರಾಮ ಸಿಗುತ್ತದೆ, ಎರಡನೆಯ ಸಲ ತೂಕವೂ ಸ್ವಲ್ಪ ಕಡಿಮೆಯಿರುತ್ತದೆ, ಹೀಗಾಗಿ ಹತ್ತೂ ಸೆಟ್ ಶುದ್ಧವಾಗಿ ಉಳಿಯುತ್ತವೆ.

ಲೆಕ್ಕಕ್ಕೆ ಯಾವ ಗರಿಷ್ಠ ತೂಕವನ್ನು ಹಾಕಬೇಕು?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವ ಸಮಯ ನಿಮಗಿದ್ದರೆ ಇದನ್ನು ಓದಿ. ಸ್ಪರ್ಧೆಗೆ ಮುನ್ನ ನಡೆಯುವ ಇಡೀ ಹನ್ನೆರಡು ವಾರಗಳ ತರಬೇತಿ ಆವೃತ್ತಿ ನಿಂತಿರುವುದು ನೀವು ಮೊದಲ ದಿನ ಬರೆಯುವ ಮೂರು ಸಂಖ್ಯೆಗಳ ಮೇಲೆ.

ಸ್ಪರ್ಧೆಯಲ್ಲಿ ಬಿಳಿ ದೀಪ (ಎತ್ತು ಸರಿ ಎಂಬ ತೀರ್ಪುಗಾರರ ಗುರುತು) ಪಡೆದ ತೂಕವಿದ್ದರೆ ಅದನ್ನೇ ಬರೆಯಿರಿ. ಸ್ಪರ್ಧೆ ಮಾಡಿಲ್ಲದಿದ್ದರೆ, ಕಳೆದ ಒಂದೆರಡು ತಿಂಗಳಲ್ಲಿ ಸ್ಪರ್ಧೆಯ ನಿಯಮದಂತೆಯೇ ಎತ್ತಿದ, ಪಕ್ಕದಿಂದ ವಿಡಿಯೊ ತೆಗೆದು ನೋಡಿದ ತೂಕವನ್ನು ಬರೆಯಿರಿ. ಸ್ಕ್ವಾಟ್‌ನಲ್ಲಿ ಸೊಂಟದ ಸಂದಿನ ಮೇಲ್ಮೈ ಮೊಣಕಾಲಿನ ಮೇಲ್ತುದಿಗಿಂತ ಕೆಳಗೆ ಇಳಿದಿರಬೇಕು. ಬೆಂಚ್‌ನಲ್ಲಿ ಬಾರ್ ಎದೆಯ ಮೇಲೆ ಅಲುಗಾಡದೆ ನಿಂತು ನಂತರ ಮೇಲೆದ್ದಿರಬೇಕು. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಶನ್‌ನ 2023ರ ನಿಯಮದ ಪ್ರಕಾರ ಮೊಣಕೈಯ ತಳಭಾಗವೂ ಭುಜದ ಸಂದಿನ ಮೇಲ್ಮೈಗೆ ಸಮನಾಗಿ ಅಥವಾ ಕೆಳಗೆ ಬಂದಿರಬೇಕು. ಡೆಡ್‌ಲಿಫ್ಟ್‌ನಲ್ಲಿ ಬಾರ್ ತೊಡೆಯ ಮೇಲೆ ಆತು ನಿಂತಿರಬಾರದು, ಕೈಯನ್ನು ಬಾರ್‌ಗೆ ಬಿಗಿಯುವ ಪಟ್ಟಿ (ಸ್ಟ್ರ್ಯಾಪ್) ಬಳಸಿರಬಾರದು.

ಈ ಎಚ್ಚರಿಕೆಯ ಹಿಂದೆ ನನ್ನದೇ ಒಂದು ಕಹಿ ಅನುಭವವಿದೆ. ಮೊದಲ ಬಾರಿ ಈ ಪದ್ಧತಿಯನ್ನು ಕೈಗೊಂಡಾಗ ನಾನು ಸ್ಕ್ವಾಟ್‌ಗೆ 170 ಕೆ.ಜಿ. ಎಂದು ಬರೆದೆ. ಅದು ಜಿಮ್‌ನಲ್ಲಿ ಗೆಳೆಯರು ಕೂಗಿ ಹುರಿದುಂಬಿಸುತ್ತಿದ್ದಾಗ ಎತ್ತಿದ, ಆಳ ಸಾಲದ ಎತ್ತು. ಪೂರ್ತಿ ಆಳಕ್ಕೆ ಇಳಿದರೆ ನನ್ನ ನಿಜವಾದ ಶಕ್ತಿ 150ರ ಆಸುಪಾಸು ಇತ್ತು. 170ರ ಶೇ. 80 ಎಂದರೆ 136 ಕೆ.ಜಿ.; 150ಕ್ಕೆ ಹೋಲಿಸಿದರೆ ಅದು ಶೇ. 90ಕ್ಕಿಂತ ಹೆಚ್ಚು. ಅಂದರೆ ದಿನಕ್ಕೆ 4ರಿಂದ 10 ರೆಪ್ಸ್ ಸಾಕು ಎನ್ನುವ ವಲಯದಲ್ಲಿ ನಾನು ವಾರ ವಾರವೂ 15 ರೆಪ್ಸ್ ಮಾಡಲು ಹೊರಟಿದ್ದೆ. ಅದನ್ನು ಪೂರೈಸಲು ದೇಹ ಒಂದೇ ದಾರಿ ಹುಡುಕಿತು: ಪ್ರತಿ ವಾರ ಆಳ ಇನ್ನಷ್ಟು ಕಡಿಮೆಯಾಯಿತು. ಹನ್ನೆರಡು ವಾರ ಶ್ರದ್ಧೆಯಿಂದ ನಾನು ಅಭ್ಯಾಸ ಮಾಡಿದ್ದು ತಪ್ಪು ಸ್ಕ್ವಾಟನ್ನೇ. ಸ್ಪರ್ಧೆಯಲ್ಲಿ ಮೂರು ಪ್ರಯತ್ನಗಳಿಗೂ ಕೆಂಪು ದೀಪ ಬಂತು, ಒಟ್ಟು ಮೊತ್ತದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಸಂಖ್ಯೆಯೇ ಇರಲಿಲ್ಲ. ಮರುವರ್ಷ 145 ಎಂದು ಬರೆದು ಆರಂಭಿಸಿ 157.5 ಕೆ.ಜಿ.ಗೆ ಮೂರು ಬಿಳಿ ದೀಪ ಪಡೆದೆ. ನನ್ನ ಬಳಿ ಕಲಿಯಲು ಬರುವ ಪ್ರತಿಯೊಬ್ಬರಿಗೂ ಈ ಎರಡು ವರ್ಷಗಳ ಕಥೆಯನ್ನು ಮೊದಲೇ ಹೇಳುತ್ತೇನೆ.

ಅನುಮಾನವಿದ್ದಲ್ಲಿ ಎತ್ತಿದ್ದಕ್ಕಿಂತ 5 ಕೆ.ಜಿ. ಕಡಿಮೆ ಬರೆಯಿರಿ. ಆವೃತ್ತಿಯ ನಡುವೆ ಆ ಸಂಖ್ಯೆಯನ್ನು ಏರಿಸಬೇಡಿ.

ನಮ್ಮ ಜಿಮ್‌ನಲ್ಲಿ ಚಿಕ್ಕ ಪ್ಲೇಟ್‌ಗಳಿಲ್ಲ. ಶೇಕಡಾವಾರು ಲೆಕ್ಕ ಹೇಗೆ ಪಾಲಿಸುವುದು?

1.25 ಕೆ.ಜಿ.ಯ ಒಂದು ಜೊತೆ ಪ್ಲೇಟ್ ಕೊಂಡು ಚೀಲದಲ್ಲಿಟ್ಟುಕೊಳ್ಳಿ. ಅದೂ ಆಗದಿದ್ದರೆ ಲೆಕ್ಕವನ್ನು ಯಾವಾಗಲೂ ಕೆಳಗಿನ ಸಂಖ್ಯೆಗೆ ಇಳಿಸಿ.

ಅದಕ್ಕಿಂತ ಮುಖ್ಯವಾದದ್ದು ಬಾರ್‌ನ ತೂಕ. ಸ್ಪರ್ಧೆಯ ಬಾರ್ 20 ಕೆ.ಜಿ., ಎರಡು ಕಾಲರ್‌ಗಳು ತಲಾ 2.5 ಕೆ.ಜಿ.; ಆದರೆ ಸಾಮಾನ್ಯ ಜಿಮ್‌ಗಳಲ್ಲಿ ಬಾರ್ ಅದಕ್ಕಿಂತ ಹಗುರವಾಗಿರುವುದು ಸಾಮಾನ್ಯ, ಹಳೆಯ ಎರಕದ ಪ್ಲೇಟ್‌ಗಳ ಮೇಲೆ ಬರೆದ ತೂಕವೂ ನಿಜವಾದ ತೂಕವೂ ಬೇರೆಯಾಗಿರಬಹುದು. ಒಂದು ಸಂಜೆ ಮೀಸಲಿಟ್ಟು, ಮಾಲೀಕರ ಒಪ್ಪಿಗೆ ಪಡೆದು, ತಕ್ಕಡಿಯಲ್ಲಿ ಎಲ್ಲವನ್ನೂ ತೂಗಿ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿ. ಇದೊಂದು ಅತಿಯಾದ ಕೆಲಸವೆಂದು ಕಾಣಬಹುದು, ಆದರೆ ಶೇಕಡಾ ಲೆಕ್ಕದ ಮೇಲೆ ನಿಂತ ತರಬೇತಿಯಲ್ಲಿ 5 ಕೆ.ಜಿ. ವ್ಯತ್ಯಾಸ ಚಿಕ್ಕದಲ್ಲ.

ತೂಕ ಬಹಳ ಹಗುರ ಎನಿಸುತ್ತದೆ. ಹೆಚ್ಚಿಸಬಹುದೇ?

ಮೊದಲ ಎರಡು ವಾರ ಎಲ್ಲರಿಗೂ ಹೀಗೆಯೇ ಅನಿಸುತ್ತದೆ. ಶೇ. 80ರ ತೂಕವನ್ನು ಸಾಮಾನ್ಯವಾಗಿ ಏಳೆಂಟು ಸಲ ಎತ್ತಬಹುದು. ಇಲ್ಲಿ ಮೂರಕ್ಕೆ ನಿಲ್ಲಿಸುತ್ತಿದ್ದೀರಿ. ಉಳಿದ ನಾಲ್ಕೈದು ರೆಪ್ಸಿನ ಶಕ್ತಿಯನ್ನು ಬಳಸದೆ ಬಿಡುವುದು ಈ ಪದ್ಧತಿಯ ಉದ್ದೇಶವೇ ಆಗಿದೆ, ಏಕೆಂದರೆ ಸೆಟ್ಟಿನ ಕೊನೆಯ, ಏದುಸಿರಿನ ರೆಪ್ಸ್‌ಗಳಲ್ಲಿ ಭಂಗಿ ಕೆಡುತ್ತದೆ ಹಾಗೂ ಆ ಕೆಟ್ಟ ಭಂಗಿಯನ್ನೂ ನರಮಂಡಲ ಕಲಿತುಕೊಳ್ಳುತ್ತದೆ.

ಹಗುರ ಎನಿಸಿದ ದಿನ ಪ್ಲೇಟ್ ಸೇರಿಸುವ ಬದಲು ಎತ್ತುವ ಗುಣಮಟ್ಟವನ್ನು ಬಿಗಿಗೊಳಿಸಿ. ಬಾರ್ ಹೊತ್ತು ಹಿಂದಕ್ಕೆ ಇಡುವ ಹೆಜ್ಜೆಗಳು ಪ್ರತಿ ಸಲವೂ ಒಂದೇ ಆಗಿವೆಯೇ, ಉಸಿರನ್ನು ಹೊಟ್ಟೆಯೊಳಗೆ ತುಂಬಿ ಹಿಡಿದಿದ್ದೀರಾ, ಕೆಳಗಿನಿಂದ ಏಳುವಾಗ ಸೊಂಟ ಮೊದಲೇ ಮೇಲೇರಿ ಎದೆ ಹಿಂದುಳಿಯುತ್ತಿದೆಯೇ, ಐದನೆಯ ಸೆಟ್ಟಿನ ಮೂರನೆಯ ರೆಪ್ ಮೊದಲ ಸೆಟ್ಟಿನ ಮೊದಲ ರೆಪ್‌ನಂತೆಯೇ ಕಾಣುತ್ತದೆಯೇ ಎಂದು ವಿಡಿಯೊದಲ್ಲಿ ನೋಡಿ. ಇಷ್ಟೂ ಸರಿಯಿದ್ದರೆ ಇಳಿಯುವುದು ಹತೋಟಿಯಲ್ಲಿರಲಿ, ಏಳುವುದು ಸಾಧ್ಯವಾದಷ್ಟು ವೇಗವಾಗಿರಲಿ. ಮೂರನೆಯ ವಾರ ಬಂದಾಗ, ಸಂಚಿತ ದಣಿವಿನ ಮೇಲೆ ಅದೇ ತೂಕ ಹಗುರ ಎನಿಸುವುದಿಲ್ಲ.

ಎಷ್ಟು ಅನುಭವವಿದ್ದರೆ ಇದನ್ನು ಆರಂಭಿಸಬಹುದು?

ಮೂರೂ ಎತ್ತುಗಳನ್ನು ಕನಿಷ್ಠ ಒಂದು ವರ್ಷ ನಿಯಮಿತವಾಗಿ ಮಾಡಿರಬೇಕು ಎಂಬುದು ನನ್ನ ಅಭಿಪ್ರಾಯ. ಹೊಸಬರು ವಾರದಿಂದ ವಾರಕ್ಕೆ 2.5 ಕೆ.ಜಿ. ಸೇರಿಸುತ್ತಲೇ ಬೆಳೆಯುತ್ತಾರೆ, ಅವರ ಗರಿಷ್ಠ ತೂಕ ಬೇಗ ಬದಲಾಗುವುದರಿಂದ ನಾಲ್ಕು ವಾರ ಮೊದಲು ಬರೆದ ಸಂಖ್ಯೆಯೇ ಹಳತಾಗಿರುತ್ತದೆ. ಅಂಥವರಿಗೆ ಇಷ್ಟು ವಾಲ್ಯೂಮ್ ಬೇಕಾಗಿಯೂ ಇಲ್ಲ. ಸರಳವಾದ ಏರಿಕೆ ನಿಂತುಹೋದ ಮೇಲೆ, ಸ್ಪರ್ಧೆಯ ದಿನಾಂಕವೊಂದು ಗೊತ್ತಾದ ಮೇಲೆ ಇತ್ತ ಬರುವುದು ಒಳ್ಳೆಯದು. 40 ದಾಟಿ ಮಾಸ್ಟರ್ಸ್ ವಿಭಾಗದಲ್ಲಿ ಸ್ಪರ್ಧಿಸುವವರು ಎರಡನೆಯ ಸ್ಕ್ವಾಟಿನ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿಕೊಂಡು ಆರಂಭಿಸಲಿ.

ಸ್ಮೊಲೊವ್ ಮಾಡಿದರೆ ಇದಕ್ಕಿಂತ ಬೇಗ ಫಲ ಸಿಗುತ್ತದೆ ಎನ್ನುತ್ತಾರಲ್ಲ?

ಸ್ಮೊಲೊವ್ ಆವೃತ್ತಿಯೂ ರಷ್ಯದ್ದೇ, ಆದರೆ ಅದು ಸ್ಕ್ವಾಟ್ ಒಂದಕ್ಕೇ ಮೀಸಲು. ಅದರ ಮೂಲ ಹಂತದ ಮೊದಲ ವಾರದಲ್ಲಿ ಶೇ. 70ಕ್ಕೆ 9 ರೆಪ್ಸಿನ 4 ಸೆಟ್, ಶೇ. 75ಕ್ಕೆ 7ರ 5 ಸೆಟ್, ಶೇ. 80ಕ್ಕೆ 5ರ 7 ಸೆಟ್, ಶೇ. 85ಕ್ಕೆ 3ರ 10 ಸೆಟ್ ಇರುತ್ತವೆ. ವಾರಕ್ಕೆ 136 ರೆಪ್ಸ್; ಮರುವಾರ ಅಷ್ಟನ್ನೂ ಇನ್ನಷ್ಟು ತೂಕಕ್ಕೆ ಮಾಡಬೇಕು. ಶೇ. 70ಕ್ಕೆ ಒಂಬತ್ತು, ಶೇ. 85ಕ್ಕೆ ಹತ್ತು ಸೆಟ್ ಎಂದರೆ ಮಿತಿಯ ಹತ್ತಿರವೇ ನಡೆಯುವುದು. ಡೆಡ್‌ಲಿಫ್ಟ್‌ಗೆ ಅಲ್ಲಿ ಜಾಗವೇ ಉಳಿಯುವುದಿಲ್ಲ. ಸ್ಪರ್ಧೆ ದೂರವಿರುವಾಗ, ಕೆಲಸದ ಒತ್ತಡ ಕಡಿಮೆಯಿರುವ ತಿಂಗಳಲ್ಲಿ, ಬಹಳ ಅನುಭವಿಗಳು ಮಾಡಬಹುದು. ಮೂರು ಎತ್ತುಗಳ ಮೊತ್ತಕ್ಕಾಗಿ ಸ್ಪರ್ಧಿಸುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಪ್ರತಿ ದಿನ ಎಷ್ಟು ಹೊತ್ತು ಬೇಕು?

ಎರಡು ಗಂಟೆ, ಕೆಲವು ದಿನ ಇನ್ನೂ ಸ್ವಲ್ಪ ಹೆಚ್ಚು. ಶೇ. 80ರ ಸೆಟ್‌ಗಳ ನಡುವೆ ಮೂರರಿಂದ ಐದು ನಿಮಿಷ, ಅದಕ್ಕಿಂತ ಹಗುರವಾದವುಗಳ ನಡುವೆ ಎರಡು ನಿಮಿಷ ವಿಶ್ರಾಂತಿ ಸಾಕು. ಕರಾವಳಿಯ ಏಪ್ರಿಲ್‌, ಮೇ ತಿಂಗಳ ಸೆಕೆಯಲ್ಲಿ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿ, ಬದಲಿಸಲು ಇನ್ನೊಂದು ಅಂಗಿ ಒಯ್ಯಿರಿ. ಒದ್ದೆಯಾದ ಬೆನ್ನಿನ ಮೇಲೆ ಬಾರ್ ಜಾರುವುದು ನಿಜಕ್ಕೂ ಅಪಾಯ. ಕುಡಿಯುವ ನೀರಿಗೆ ಚಿಟಿಕೆ ಉಪ್ಪು ಬೆರೆಸಿಕೊಳ್ಳಿ, ಅಥವಾ ಮಜ್ಜಿಗೆ ಒಯ್ಯಿರಿ.

ಯಾವ ನೋವನ್ನು ಸಹಿಸಬಹುದು, ಯಾವುದಕ್ಕೆ ನಿಲ್ಲಿಸಬೇಕು?

ಮಾಂಸಖಂಡದ ನಡುವೆ, ಎರಡೂ ಬದಿಗೆ ಸಮನಾಗಿ, ಮರುದಿನ ಕಾಣಿಸಿಕೊಂಡು ವಾರ್ಮ್‌ಅಪ್ ಆದ ಮೇಲೆ ಕರಗುವ ನೋವು ಅಭ್ಯಾಸದ ಭಾಗ. ಕೀಲಿನ ಬಳಿ, ಒಂದೇ ಬದಿಗೆ, ಬೆರಳಿಟ್ಟು ತೋರಿಸಬಹುದಾದಂತೆ ಬರುವ, ಸೆಟ್ಟಿನಿಂದ ಸೆಟ್ಟಿಗೆ ಏರುವ ನೋವು ಎಚ್ಚರಿಕೆ. ಸೊಂಟದಿಂದ ಕಾಲಿಗೆ ಹರಿಯುವ ನೋವು, ಜೋಮು, ಕಾಲಿನ ಬಲ ಕುಂದುವುದು ಇವು ಕಂಡರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸ್ಪರ್ಧೆ ಹತ್ತಿರವಿದೆ ಎಂಬುದು ಅದನ್ನು ಮುಂದೂಡಲು ಕಾರಣವಲ್ಲ.

ಈ ಪದ್ಧತಿಯಲ್ಲಿ ಹೆಚ್ಚಾಗಿ ಕಾಣುವ ತೊಂದರೆ ಮೊಣಕೈಯದ್ದು. ಹಲವರು ಅದನ್ನು ಬೆಂಚ್‌ನ ತಪ್ಪೆಂದು ತಿಳಿಯುತ್ತಾರೆ, ಆದರೆ ಬಾರ್ ಅನ್ನು ಬೆನ್ನಿನ ಮೇಲೆ ತುಸು ಕೆಳಗೆ ಇಟ್ಟು, ಕೈಗಳನ್ನು ಬಹಳ ಹತ್ತಿರ ಹಿಡಿದು ವಾರಕ್ಕೆ ಹಲವು ಸಲ ಸ್ಕ್ವಾಟ್ ಮಾಡುವುದು ಅಷ್ಟೇ ಕಾರಣವಾಗಿರುತ್ತದೆ. ಹಿಡಿತವನ್ನು ಎರಡು ಬೆರಳಿನಷ್ಟು ಅಗಲಿಸಿ, ದಿನದ ಎರಡನೆಯ ಸ್ಕ್ವಾಟ್‌ನಲ್ಲಿ ಬಾರ್ ಅನ್ನು ಕತ್ತಿನ ಬುಡಕ್ಕೆ ಏರಿಸಿಟ್ಟುಕೊಂಡು ನೋಡಿ. ಎರಡು ವಾರಗಳಲ್ಲಿ ಬಹುತೇಕರಿಗೆ ಹಗುರವಾಗಿದೆ.

ದಣಿವು ಮಿತಿಮೀರಿದೆ ಎಂದು ಹೇಗೆ ತಿಳಿಯುವುದು?

ಶೇ. 70ರ ತೂಕ ಸತತ ಎರಡು ದಿನ ನಿಧಾನವಾಗಿ ಏಳುತ್ತಿದ್ದರೆ, ನಿದ್ದೆ ತುಂಡಾಗುತ್ತಿದ್ದರೆ, ಬೆಳಗಿನ ನಾಡಿಬಡಿತ ಎಂದಿಗಿಂತ ಏರಿದ್ದರೆ, ಊಟ ಸೇರದಿದ್ದರೆ ದೇಹ ಲೆಕ್ಕ ಒಪ್ಪಿಸುತ್ತಿದೆ ಎಂದರ್ಥ. ಆಗ ಮೊದಲು ಸೆಟ್‌ಗಳ ಸಂಖ್ಯೆಯನ್ನು ಕಡಿಮೆ ಮಾಡಿ: ಐದರ ಬದಲು ಮೂರು, ದಿನದ ಎರಡನೆಯ ಸ್ಕ್ವಾಟ್ ಒಂದು ವಾರ ಬೇಡ. ತೂಕವನ್ನು ಹಾಗೆಯೇ ಉಳಿಸಿಕೊಂಡರೆ ಕೈಗೆ ಆ ಭಾರದ ಪರಿಚಯ ತಪ್ಪುವುದಿಲ್ಲ. ಭಂಗಿಯೇ ಕೆಡುತ್ತಿದ್ದರೆ ಮಾತ್ರ ತೂಕವನ್ನೂ ಶೇ. 5ರಷ್ಟು ಇಳಿಸಿ. ರಾತ್ರಿ ಪಾಳಿಯಲ್ಲಿ ದುಡಿಯುವವರು, ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿಗಳು, ಎಳೆಮಗುವಿರುವ ತಂದೆ ತಾಯಂದಿರು ಇದನ್ನು ಸೋಲೆಂದು ಭಾವಿಸದೆ ಮೊದಲ ದಿನದಿಂದಲೇ ಹೀಗೆ ಯೋಜಿಸಿಕೊಳ್ಳಬೇಕು.

ಒಂದು ದಿನ ತಪ್ಪಿದರೆ ಮರುದಿನ ಎರಡನ್ನೂ ಸೇರಿಸಿ ಮಾಡಬಹುದೇ?

ಬೇಡ. ತಪ್ಪಿದ್ದನ್ನೇ ಮುಂದಿನ ಸಲ ಮಾಡಿ, ಉಳಿದದ್ದು ತಾನಾಗಿ ಸರಿಯುತ್ತದೆ. ಜ್ವರದಿಂದ ಇಡೀ ವಾರ ಹೋಗಿದ್ದರೆ ಹಿಂದಿನ ವಾರವನ್ನು ಶೇ. 5 ಕಡಿಮೆ ತೂಕದಲ್ಲಿ ಪುನರಾವರ್ತಿಸಿ ಮುಂದೆ ಸಾಗಿ. ಇದಕ್ಕಾಗಿಯೇ ಹನ್ನೆರಡು ವಾರದ ಯೋಜನೆಯನ್ನು ಸ್ಪರ್ಧೆಗೆ ಹದಿನಾಲ್ಕು ವಾರ ಇರುವಾಗ ಆರಂಭಿಸುವುದು ಜಾಣತನ.

ಸಸ್ಯಾಹಾರದಲ್ಲಿ ಇಷ್ಟು ಕೆಲಸಕ್ಕೆ ಬೇಕಾದ ಪ್ರೋಟೀನ್ ಸಿಗುತ್ತದೆಯೇ?

ಸಿಗುತ್ತದೆ, ಆದರೆ ತಾನಾಗಿ ಸಿಗುವುದಿಲ್ಲ. ಲೆಕ್ಕ ಹಾಕಿ ತಿನ್ನಬೇಕು. ದೇಹದ ಪ್ರತಿ ಕಿಲೋಗೆ 1.6ರಿಂದ 2.2 ಗ್ರಾಂ ಸಾಕು. 75 ಕೆ.ಜಿ. ತೂಗುವವರಿಗೆ ಕನಿಷ್ಠ 120 ಗ್ರಾಂ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16 ಗ್ರಾಂ, ಒಂದು ಬಟ್ಟಲು ಮೊಸರಿನಲ್ಲಿ 7, ನೂರು ಗ್ರಾಂ ಬೇಳೆಕಾಳಿನಲ್ಲಿ 22, ಐವತ್ತು ಗ್ರಾಂ ಸೋಯಾ ಚಂಕ್ಸ್‌ನಲ್ಲಿ 25, ನೂರು ಗ್ರಾಂ ಪನೀರ್‌ನಲ್ಲಿ 18, ಐವತ್ತು ಗ್ರಾಂ ಶೇಂಗಾದಲ್ಲಿ 12, ದಿನದ ರಾಗಿ, ಅಕ್ಕಿ, ಗೋಧಿಯಿಂದ 25 ಗ್ರಾಂ. ಒಟ್ಟು 125. ಮೊಟ್ಟೆ ತಿನ್ನುವವರಿಗೆ ಒಂದೊಂದರಿಂದ 6 ಗ್ರಾಂ ಸೇರುತ್ತದೆ. ಮೀನೂಟದವರಿಗೆ ಈ ಚಿಂತೆಯೇ ಕಡಿಮೆ.

ಪ್ರೋಟೀನ್ ಬಗ್ಗೆ ಇಷ್ಟು ಕೇಳುವವರು ಅನ್ನ, ಮುದ್ದೆಯ ಬಗ್ಗೆ ಕೇಳುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ದಿನಕ್ಕೆ ಇಪ್ಪತ್ತು ಮೂವತ್ತು ಸೆಟ್ ಮಾಡುವವರಿಗೆ ಪಿಷ್ಟವೇ ಇಂಧನ. ಅಭ್ಯಾಸಕ್ಕೆ ಎರಡು ಮೂರು ಗಂಟೆ ಮೊದಲು ಹೊಟ್ಟೆ ತುಂಬ ಊಟ ಮಾಡಿ. ಈ ಹನ್ನೆರಡು ವಾರಗಳಲ್ಲಿ ತೂಕ ಇಳಿಸುವ ಪಥ್ಯ ಬೇಡ.

ಪೂರಕಗಳಲ್ಲಿ ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಮೊನೊಹೈಡ್ರೇಟ್ ಉಪಯುಕ್ತ, ಅದು ನಿಷೇಧಿತವೂ ಅಲ್ಲ. ಉದ್ದೀಪನ ಪರೀಕ್ಷೆಯಿರುವ ಸ್ಪರ್ಧೆಗಳಲ್ಲಿ ಸ್ಪರ್ಧಿಯ ದೇಹದಲ್ಲಿ ಸಿಕ್ಕಿದ್ದಕ್ಕೆ ಸ್ಪರ್ಧಿಯೇ ಹೊಣೆ. ಡಬ್ಬಿಯ ಮೇಲೆ ಬರೆದಿರಲಿಲ್ಲ ಎಂಬ ಮಾತು ರಕ್ಷಿಸುವುದಿಲ್ಲ. ಜಿಮ್‌ನಲ್ಲಿ ಯಾರೋ ಕೊಟ್ಟ ಹೆಸರಿಲ್ಲದ ಪುಡಿಯನ್ನು ಮುಟ್ಟಬೇಡಿ.

ಮಹಿಳಾ ಸ್ಪರ್ಧಿಗಳಿಗೆ ಬದಲಾವಣೆ ಬೇಕೇ?

ಚೌಕಟ್ಟು ಅದೇ. ಅನೇಕ ಮಹಿಳೆಯರು ಅದೇ ಶೇಕಡಾ ತೂಕದಲ್ಲಿ ಪುರುಷರಿಗಿಂತ ಹೆಚ್ಚು ರೆಪ್ಸ್ ಮಾಡಬಲ್ಲರು, ಸೆಟ್‌ಗಳ ನಡುವೆ ಬೇಗ ಚೇತರಿಸಿಕೊಳ್ಳುತ್ತಾರೆ; ಅಂಥವರಿಗೆ ಬೆಂಚ್‌ನಲ್ಲಿ ಒಂದೆರಡು ಸೆಟ್ ಹೆಚ್ಚಿಸಬಹುದು. ಮುಟ್ಟಿನ ದಿನಗಳಲ್ಲಿ ಕಷ್ಟವೆನಿಸಿದರೆ ಆ ವಾರದ ಭಾರದ ದಿನವನ್ನು ಹಗುರದ ದಿನದೊಂದಿಗೆ ಬದಲಿಸಿಕೊಳ್ಳಿ. ಮುಟ್ಟು ನಿಂತೇಹೋದರೆ ಅದು ಊಟ ಸಾಲದಿರುವುದರ ಲಕ್ಷಣವಾಗಿರಬಹುದು, ವೈದ್ಯರಿಗೆ ತೋರಿಸಲೇಬೇಕು.

ಸ್ಪರ್ಧೆಯ ಆಜ್ಞೆಗಳನ್ನು ಯಾವಾಗಿನಿಂದ ಅಭ್ಯಾಸ ಮಾಡಬೇಕು?

ಮೊದಲ ದಿನದಿಂದ. ಸ್ಕ್ವಾಟ್‌ಗೆ ‘ಸ್ಕ್ವಾಟ್’, ‘ರ‍್ಯಾಕ್’, ಬೆಂಚ್‌ಗೆ ‘ಸ್ಟಾರ್ಟ್’, ‘ಪ್ರೆಸ್’, ‘ರ‍್ಯಾಕ್’, ಡೆಡ್‌ಲಿಫ್ಟ್‌ಗೆ ‘ಡೌನ್’. ಭಾರ ಎತ್ತಿಯೂ ಆಜ್ಞೆಗೆ ಮೊದಲೇ ಬಾರ್ ಇಟ್ಟು ಪ್ರಯತ್ನ ಕಳೆದುಕೊಂಡವರನ್ನು ಪ್ರತಿ ಸ್ಪರ್ಧೆಯಲ್ಲಿಯೂ ಕಾಣುತ್ತೇವೆ. ಪ್ರತಿ ಸೆಟ್ಟಿನ ಮೊದಲ ರೆಪ್ಪನ್ನು ಜೊತೆಗಾರರ ಆಜ್ಞೆಗೆ ಕಾದು ಮಾಡಿದರೆ, ಹನ್ನೆರಡು ವಾರಗಳಲ್ಲಿ ನೂರಾರು ಸಲ ಅದರ ಅಭ್ಯಾಸವಾಗುತ್ತದೆ. ಬೆಂಚ್‌ನಲ್ಲಿ ಅಗಲ ಹಿಡಿತದವರು ತೋರುಬೆರಳುಗಳ ನಡುವೆ 81 ಸೆಂ.ಮೀ. ಮೀರದಂತೆ ನೋಡಿಕೊಳ್ಳಬೇಕು. ಬೆಲ್ಟ್‌ನ ಅಗಲ 10 ಸೆಂ.ಮೀ., ದಪ್ಪ 13 ಮಿ.ಮೀ. ದಾಟಬಾರದು.

ಸ್ಪರ್ಧೆಯ ಹಿಂದಿನ ವಾರಗಳಲ್ಲಿ ಏನು ಮಾಡಬೇಕು?

ಸುಮಾರು ಮೂರು ವಾರ ಇರುವಾಗ ಶೇ. 90 ದಾಟಿದ ಒಂದೊಂದೇ ರೆಪ್ಪಿನ ಎತ್ತುಗಳು ಬರುತ್ತವೆ. ಭಾರವಾದ ಕೊನೆಯ ಡೆಡ್‌ಲಿಫ್ಟ್ ಹತ್ತರಿಂದ ಹದಿನಾಲ್ಕು ದಿನ ಮೊದಲು, ಸ್ಕ್ವಾಟ್ ವಾರದಿಂದ ಹತ್ತು ದಿನ ಮೊದಲು, ಬೆಂಚ್ ಐದಾರು ದಿನ ಮೊದಲು ಇರಲಿ. ಒಟ್ಟು ರೆಪ್ಸ್ ಮೊದಲು ಅರ್ಧಕ್ಕೆ, ಕೊನೆಯ ವಾರ ಅದಕ್ಕೂ ಕೆಳಗೆ ಇಳಿಯಬೇಕು. ಇಷ್ಟು ದಿನ ಹೊತ್ತ ದಣಿವು ಕಳಚಿಕೊಳ್ಳುವುದು ಈ ದಿನಗಳಲ್ಲಿಯೇ. ಮೈ ಹಗುರಾಗಿ ಉತ್ಸಾಹ ಉಕ್ಕುತ್ತದೆ, ಒಮ್ಮೆ ಪರೀಕ್ಷಿಸಿ ನೋಡೋಣ ಎನಿಸುತ್ತದೆ. ಆ ಶಕ್ತಿಯನ್ನು ವೇದಿಕೆಗೆ ಉಳಿಸಿಕೊಳ್ಳಿ.

ಮೊದಲ ಪ್ರಯತ್ನಕ್ಕೆ ಶೇ. 91ರ ಸುಮಾರು, ಎರಡನೆಯದಕ್ಕೆ ಶೇ. 95ರಿಂದ 97, ಮೂರನೆಯದಕ್ಕೆ ಅಂದಿನ ಸ್ಥಿತಿ ನೋಡಿ ಶೇ. 100 ಅಥವಾ ತುಸು ಮೇಲೆ. ಕೆಟ್ಟ ನಿದ್ದೆಯ ಮರುದಿನವೂ ಎತ್ತಬಲ್ಲ ತೂಕವೇ ಮೊದಲನೆಯದಾಗಿರಲಿ.

ತೂಕದ ವಿಭಾಗಕ್ಕಾಗಿ ಮೂರು ಕಿಲೋ ಇಳಿಸಬೇಕಾಗಿದೆ. ಇಳಿಸಲೇ?

ಪುರುಷರ ವಿಭಾಗಗಳು 59, 66, 74, 83, 93, 105, 120 ಮತ್ತು ಅದಕ್ಕೂ ಮೇಲೆ. ಮಹಿಳೆಯರದು 47, 52, 57, 63, 69, 76, 84 ಮತ್ತು ಮೇಲೆ. ತೂಕ ನೋಡುವುದು ಸ್ಪರ್ಧೆಗೆ ಎರಡು ಗಂಟೆ ಮೊದಲು ಶುರುವಾಗುತ್ತದೆ, ಆದ್ದರಿಂದ ನೀರು ಬಿಟ್ಟು ಇಳಿಸಿದ ತೂಕವನ್ನು ತುಂಬಿಕೊಳ್ಳಲು ಸಮಯವಿಲ್ಲ. ಮೊದಲ ಕೆಲವು ಸ್ಪರ್ಧೆಗಳಲ್ಲಿ ಇರುವ ತೂಕದಲ್ಲಿಯೇ ಎತ್ತಿ.

ಸ್ಪರ್ಧೆ ಮುಗಿದ ಮೇಲೆ ಮುಂದಿನ ಆವೃತ್ತಿ ಯಾವಾಗ?

ಒಂದು ವಾರ ಬಾರ್ ಮುಟ್ಟದೆ ನಡಿಗೆ, ಈಜು ಇಷ್ಟೇ ಸಾಕು. ನಂತರ ಎರಡು ಮೂರು ವಾರ ಡಂಬೆಲ್, ಒಂಟಿಕಾಲಿನ ವ್ಯಾಯಾಮ, ಬೆನ್ನಿನ ಎಳೆತಗಳಂಥ ಬೇರೆ ಕೆಲಸ ಮಾಡಿ. ಹನ್ನೆರಡು ವಾರ ಮೂರೇ ಚಲನೆಗಳಲ್ಲಿ ದುಡಿದ ಕೀಲುಗಳಿಗೆ ಇದು ಬೇಕು. ಆಮೇಲೆ ವೇದಿಕೆಯ ಮೇಲೆ ಬಿಳಿ ದೀಪ ಪಡೆದ ಮೂರು ಸಂಖ್ಯೆಗಳನ್ನು ಹೊಸ ಪುಟದಲ್ಲಿ ಬರೆದು ಮೊದಲ ವಾರದಿಂದ ಆರಂಭಿಸಿ. ಮೂರನೆಯ ಪ್ರಯತ್ನ ಕೂದಲೆಳೆಯಲ್ಲಿ ತಪ್ಪಿದ್ದರೂ ಬರೆಯಬೇಕಾದದ್ದು ಎರಡನೆಯದನ್ನೇ.